ಬಾಲ ಬಿಳಿಯಾಗದ ಹಕ್ಕಿ

ಇಂಥ ಸಂಗತಿಗಳನ್ನು ನಂಬುವವಳು ನಾನಲ್ಲ. ನಮ್ಮ ಊರಿನಲ್ಲಿ ಹೆಂಗಸರು ಬಾವಿಕಟ್ಟೆಯ ಮೇಲೆ ಕುಳಿತು, ನಿನ್ನೆ ಸಂಜೆ ಯಾರೋ ಹಿಂದಿನಿಂದ ಹೆಸರು ಹಿಡಿದು ಕರೆದರು, ತಿರುಗಿ ನೋಡಿದರೆ ಯಾರೂ ಇಲ್ಲ ಎಂದು ಹೇಳಿಕೊಳ್ಳುತ್ತಿದ್ದರು. ನಾನು ಬಾಯಿಗೆ ಸೆರಗು ಹಿಡಿದು ನಗು ತಡೆಯುತ್ತಿದ್ದೆ. ಮದುವೆಯಾದ ಮೇಲೆ ಕೇಳುವುದೇ ಬೇಡ. ನಿಮ್ಮ ಅಜ್ಜ ಕಣ್ಣಿನ ಡಾಕ್ಟರು. "ದೆವ್ವ ಕಾಣೋದೆಲ್ಲಾ ಕಣ್ಣಿನ ಪೊರಿ ಬಂದವರಿಗೆ. ಆಪರೇಷನ್ ಮಾಡಿದ್ರ ದೆವ್ವಾನೂ ಹೋಗ್ತಾವ" ಎನ್ನುತ್ತಿದ್ದರು. ನನ್ನ ಪೊರೆಯ ಆಪರೇಷನ್ ಎರಡೂ ಕಣ್ಣಿಗೆ ಆಗಿದೆ. ಆಮೇಲೆ ನಡೆದದ್ದನ್ನೇ ನಿಮಗೆ ಹೇಳಹೊರಟಿದ್ದೇನೆ.

ನಾನು ಓದಿದ್ದು ಏಳನೇ ಇಯತ್ತೆ. ಬರೆದು ರೂಢಿಯಿಲ್ಲ. ತಪ್ಪಿದ್ದರೆ ಸರಿಮಾಡಿ ಓದಿಕೊಳ್ಳಿ.

ಮೊದಲು ನಾನು ನಡೆಯುತ್ತಿದ್ದ ರೀತಿಯನ್ನು ಹೇಳಬೇಕು. ಅದು ತಿಳಿಯದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ. ನಮ್ಮ ಕಡೆ ಆಗ ಗಂಡ ಮುಂದೆ, ಹೆಂಡತಿ ನಾಲ್ಕು ಹೆಜ್ಜೆ ಹಿಂದೆ ನಡೆಯುವುದು. ಹೊಲಕ್ಕೆ ಹೋದರೂ ಅಷ್ಟೆ, ತವರಿಗೆ ಹೋದರೂ ಅಷ್ಟೆ. ಅದನ್ನು ಯಾರೂ ಕಲಿಸಲಿಲ್ಲ, ಕಾಲು ಹಾಗೇ ಕಲಿತುಬಿಟ್ಟಿತ್ತು. ಲೀಡ್ಸ್‌ಗೆ ಬಂದ ಮೇಲೂ ನಾನು ಹಾಗೆಯೇ ನಡೆದೆ. ಅಲ್ಲಿ ಪಕ್ಕದ ಮನೆಯ ಹೆಂಗಸು ಒಂದು ದಿನ ನಿಮ್ಮ ಅಜ್ಜನನ್ನು ನಿಲ್ಲಿಸಿ, "ನೀವಿಬ್ಬರೂ ದಿನಾ ಜಗಳ ಆಡ್ತೀರಾ?" ಎಂದು ಕೇಳಿದಳಂತೆ. ಅವರು ಮನೆಗೆ ಬಂದು ಹೇಳಿ ಹೇಳಿ ನಕ್ಕರು. "ಇನ್ಮ್ಯಾಲೆ ಬಾಜೂಕ ನಡಿ" ಎಂದರು. ಎರಡು ದಿನ ನಡೆದೆ, ಕಾಲು ತೊಡರಿದಂತಾಯಿತು, ಮತ್ತೆ ಹಿಂದೆ ಸರಿದೆ.

ಅವರು ತಿರುಗಿ ನೋಡುವವರಲ್ಲ. ಆದರೆ ರಸ್ತೆ ದಾಟುವ ಕಡೆ, ಮೂಲೆ ತಿರುಗುವ ಕಡೆ ನಿಲ್ಲುತ್ತಿದ್ದರು. ಹಿಂದೆ ನನ್ನ ಚಪ್ಪಲಿಯ ಸಪ್ಪಳ ಬರುವವರೆಗೆ ಮುಂದೆ ನೋಡುತ್ತಲೇ ನಿಂತು, ಸಪ್ಪಳ ಕೇಳಿದ ಮೇಲೆ ಹೆಜ್ಜೆ ಹಾಕುತ್ತಿದ್ದರು. ಲೀಡ್ಸ್, ಆಮೇಲೆ ಬರ್ಮಿಂಗ್‌ಹ್ಯಾಮ್, ಆಮೇಲೆ ಸ್ಟಾಕ್‌ಪೋರ್ಟ್, ಮೂರೂ ಊರುಗಳನ್ನು ನಾನು ನೋಡಿದ್ದು ಹೀಗೆ. ನನ್ನನ್ನು ಕೇಳಿದರೆ ಅವರ ಕೋಟಿನ ಹಿಂಭಾಗದ ಹೊಲಿಗೆ ಹೇಳಬಲ್ಲೆ, ಯಾವ ಬೀದಿಯಲ್ಲಿ ಯಾವ ಕಡೆಗೆ ತಿರುಗಬೇಕು ಎಂದರೆ ಗೊತ್ತಿಲ್ಲ.

ಅವರು ಹೋದ ಮೇಲೆ ನಾನು ನಿಮ್ಮ ಮನೆಗೆ ಬಂದೆ. ಅಮೋಘ, ನೀನಿನ್ನೂ ಆಗ ರಿಸೆಪ್ಷನ್ ಕ್ಲಾಸು, ಶಾಲೆಗೆ ಸೇರಿದ ಮೊದಲ ವರ್ಷ. ಸಿರಿ ದೊಡ್ಡವಳು, ಅವಳಿಗೆ ನೆನಪಿರಬಹುದು. ನೀವು ಶಾಲೆಗೆ, ನಿಮ್ಮ ಅಪ್ಪ ರೈಲಿನಲ್ಲಿ ಪಿಕಾಡಿಲಿಯ ಆಫೀಸಿಗೆ, ಡಾಕ್ಟರಾದ ನಿಮ್ಮ ತಾಯಿ ಶೈಲಾ ಇಲ್ಲಿಯವರು ಸರ್ಜರಿ ಎನ್ನುವ ತನ್ನ ದವಾಖಾನೆಗೆ ಹೋದ ಮೇಲೆ ಮನೆಯಲ್ಲಿ ಫ್ರಿಜ್ಜಿನ ಸದ್ದೊಂದೇ. ಪೂಜೆ ಮುಗಿಸಿ, ಎರಡು ರೊಟ್ಟಿ ಬಡಿದು, ಒಂದು ತಿಂದು, ಕಿಟಕಿಯಲ್ಲಿ ಕೂರುತ್ತಿದ್ದೆ. ಎಷ್ಟೋ ದಿನ ನೀವು ಬಂದು ಮಾತಾಡಿಸಿದಾಗ ನನ್ನ ಗಂಟಲಿನಿಂದ ಮೊದಲ ಮಾತು ಒಡೆದು ಬರುತ್ತಿತ್ತು, ಬೆಳಗಿನಿಂದ ಬಾಯಿ ತೆರೆದಿರುತ್ತಿರಲಿಲ್ಲ.

ಹೊರಗೆ ಹೋಗೋಣವೆಂದರೆ ದಾರಿ ತಪ್ಪುತ್ತಿತ್ತು. ಒಂದು ಸಲ ಹಾಲು ತರಲು ಹೋಗಿ ಹಿಂದಿನ ಬೀದಿಯಲ್ಲೇ ಸುತ್ತಿದೆ. ಇನ್ನೊಂದು ಸಲ ಬಸ್ಸನ್ನು ರಸ್ತೆಯ ಆಚೆ ಬದಿಯಿಂದ ಹತ್ತಿ ಹೈಡ್ ಎಂಬ ಬೇರೆ ಊರಿನಲ್ಲಿ ಇಳಿದೆ. ನಿಮ್ಮ ತಾಯಿ ಪೇಷಂಟ್‌ಗಳನ್ನು ಬಿಟ್ಟು ಕಾರಿನಲ್ಲಿ ಬಂದಳು.

"ಹೈಡ್‌ಗ್ಯಾಕ ಹೋಗಿದ್ದಿ ಅವ್ವಾ?"

"ನಾ ಎಲ್ಲಿ ಹೋದೆ, ಬಸ್ಸು ಕರಕೊಂಡು ಹೋತು."

ಅವಳು ನಗಲಿಲ್ಲ. ಕಾರು ಚಾಲೂ ಮಾಡದೆ ಸ್ಟೇರಿಂಗ್ ಹಿಡಿದು ಕುಳಿತಳು. "ನೋಡವ್ವಾ, ಮೆಮರಿ ಕ್ಲಿನಿಕ್ಕಿಗೆ ಹೆಸರು ಹಚ್ಚೇನಿ. ಅಲ್ಲೀತನಾ ಇನ್ನೊಂದ್ ಸಲ ಹಿಂಗಾತಂದ್ರ ಒಬ್ಬಾಕಿನ್ನ ಹೊರಗ ಬಿಡಂಗಿಲ್ಲ. ಮನಿಗೆ ಯಾರನರ ನೋಡ್ಕೊಳ್ಳಾಕ ಇಡ್ತೀನಿ."

ನಾನು ಮರೆತಿರಲಿಲ್ಲ, ಮಕ್ಕಳೇ. ಮರೆಯಬೇಕಾದರೆ ಮೊದಲು ಕಲಿತಿರಬೇಕಲ್ಲ. ಆದರೆ ಅದನ್ನು ಬಾಯಿಬಿಟ್ಟು ಹೇಳಿದರೆ ಇಲ್ಲದ ನಿಮ್ಮ ಅಜ್ಜನ ಮೇಲೆ ದೂರು ಹೇಳಿದಂತಾಗುತ್ತದೆ ಎಂದು ಸೀಟ್‌ಬೆಲ್ಟ್ ಎಳೆದುಕೊಂಡೆ.

ಒಬ್ಬಳೇ ಹೋಗಲು ನನಗೆ ಬರುತ್ತಿದ್ದದ್ದು ಒಂದೇ ಜಾಗ. ಮನೆಯೆದುರಿನ ಸ್ಟಾಪಿನಲ್ಲಿ ಹತ್ತಿದರೆ ಬಸ್ಸು ನೇರ ಆ ದೊಡ್ಡ ಪಾರ್ಕಿನ ಗೇಟಿಗೆ ಹೋಗುತ್ತದೆ. ಪಾರ್ಕಿನೊಳಗೆ ಗಾಜಿನ ಹಕ್ಕಿಮನೆ. ಅಮೋಘನ ಕ್ಲಾಸಿನವರ ಜೊತೆ ಒಂದು ಸಲ ಹೋದವಳು ಆಮೇಲೆ ವಾರಕ್ಕೆ ಎರಡು ಮೂರು ದಿನ ಹೋಗತೊಡಗಿದೆ. ದುಡ್ಡು ಕೊಡಬೇಕಿಲ್ಲ, ಒಳಗೆ ಬೆಚ್ಚಗೆ, ಯಾರೂ ಮಾತಾಡಿಸುವುದಿಲ್ಲ. ಬಾಗಿಲು ತೆರೆದರೆ ನಮ್ಮ ಊರಿನ ಮೊದಲ ಮಳೆಯ ವಾಸನೆಯಂಥ ಒದ್ದೆ ಮಣ್ಣಿನ ವಾಸನೆ. ಬೆಂಚಿನ ಮೇಲೆ ಕೋಟು ಬಿಚ್ಚಿ ಕುಳಿತರೆ ಮೂರು ತಾಸು ಹೋದದ್ದು ತಿಳಿಯುತ್ತಿರಲಿಲ್ಲ.

ಅಲ್ಲಿ ಹಕ್ಕಿ ನೋಡಿಕೊಳ್ಳುವವಳು ಜಾಯ್ಸ್. ಐವತ್ತು ದಾಟಿದ, ಗಟ್ಟಿ ದನಿಯ ಹೆಂಗಸು. ಎಲ್ಲರನ್ನೂ "ಲವ್" ಎಂದು ಕರೆಯುತ್ತಾಳೆ. ಲೀಡ್ಸ್‌ನಲ್ಲಿ ಮೊದಲ ಸಲ ಬಸ್ಸಿನ ಡ್ರೈವರ್ ನನಗೆ ಲವ್ ಎಂದಾಗ ಗಾಬರಿಯಾಗಿ ನಿಮ್ಮ ಅಜ್ಜನ ಬೆನ್ನಿಗೆ ಅಡಗಿದ್ದೆ. ಈಗ ಆ ಮಾತು ಕೇಳಲೆಂದೇ ಸ್ವಲ್ಪ ಹೊತ್ತು ಹೆಚ್ಚು ಕೂರುತ್ತಿದ್ದೆ ಅನ್ನಿಸುತ್ತದೆ.

ನಾನು ಕೂರುತ್ತಿದ್ದ ಬೆಂಚಿನ ಕೆಳಗೆ ಒಂದು ಹಕ್ಕಿ ಓಡಾಡುತ್ತಿತ್ತು. ಉಳಿದವು ಮೇಲೆ ಕೊಂಬೆಗಳಲ್ಲಿ ಗದ್ದಲ ಹಾಕಿದರೆ ಇದು ನೆಲದ ಮೇಲೆ, ಒಣ ಎಲೆ ಸರಿಸುತ್ತ, ಒಂದೇ. ಕೋಳಿಗಿಂತ ಸಣ್ಣದು, ಪಾರಿವಾಳಕ್ಕಿಂತ ದಪ್ಪ. ಕಪ್ಪಲ್ಲ, ಹಸಿರಲ್ಲ, ಹಳೆಯ ಹಿತ್ತಾಳೆ ಪಾತ್ರೆಗೆ ಕಿಲುಬು ಹಿಡಿದ ಬಣ್ಣ. ಜಾಯ್ಸ್ ಅದರ ಹೆಸರು ಹೇಳಿದಳು. ನಿಕೋಬಾರ್ ಪಾರಿವಾಳ.

ನನಗೆ ನಗು ಬಂತು. ನಮ್ಮ ಶಾಲೆಯಲ್ಲಿ ಮಾಸ್ತರರು ನಕಾಶೆಯ ಕೆಳಮೂಲೆಗೆ ಕೋಲು ಇಟ್ಟು "ಅಂಡಮಾನ್" ಎನ್ನುವುದು, ನಾವೆಲ್ಲ ಒಟ್ಟಿಗೆ "ನಿಕೋಬಾರ್!" ಎಂದು ಕೂಗುವುದು. ಅಲ್ಲಿ ಮಣ್ಣು ಇದೆ, ಗಿಡ ಇದೆ, ಹಕ್ಕಿ ಇದೆ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ಅದು ಕೂಗುವ ಮಾತು, ಅಷ್ಟೆ.

ಜಾಯ್ಸ್ ತೊಟ್ಟಿ ತೊಳೆಯುತ್ತ ಒಂದೊಂದೇ ಹೇಳುತ್ತಿದ್ದಳು. ನನ್ನದು ಅಂಗಡಿ ಇಂಗ್ಲಿಷ್. ಅರ್ಥವಾಗದಿದ್ದರೆ ಅವಳು ಕೈಮಾಡಿ ತೋರಿಸುತ್ತಿದ್ದಳು. ಈ ಹಕ್ಕಿಗಳು ದೊಡ್ಡ ನಾಡಿನಲ್ಲಿ ಇರುವುದಿಲ್ಲವಂತೆ. ಬೆಕ್ಕು, ಇಲಿ ಕಾಲಿಡದ ಸಣ್ಣ ಸಣ್ಣ ದ್ವೀಪಗಳ ಕಾಡಿನಲ್ಲಿ ಮಾತ್ರ. ನಿಕೋಬಾರಿನಿಂದ ಪೂರ್ವಕ್ಕೆ ಎಷ್ಟೋ ದೂರದ ದ್ವೀಪಗಳವರೆಗೂ ಇವೆ. ಇಡೀ ದಿನ ಮರದ ಕೆಳಗೆ ಬಿದ್ದ ಹಣ್ಣು, ಕಾಯಿ, ಬೀಜ ಹೆಕ್ಕುತ್ತವೆ. ಗಟ್ಟಿ ಬೀಜ ನುಂಗಿದರೆ ಒಡೆಯಲು ಹೊಟ್ಟೆಯೊಳಗೆ ಒಂದು ಕಲ್ಲು ಇಟ್ಟುಕೊಂಡಿರುತ್ತವೆ. "ಹೊಟ್ಟಿಯೊಳಗ ಬೀಸೋಕಲ್ಲು" ಎಂದು ನಾನು ಕನ್ನಡದಲ್ಲೇ ಅಂದುಕೊಂಡೆ. ಒಂದು ಸಲಕ್ಕೆ ಒಂದೇ ಮೊಟ್ಟೆ. ಮರಿಗೆ ಗಂಡು ಹೆಣ್ಣು ಎರಡೂ ಗಂಟಲಿನಿಂದ ಹಾಲಿನಂಥದ್ದು ಕೊಡುತ್ತವೆ. ಹಿಂದೆ ಹಾರಲಾರದೆ ನಾಶವಾದ ಡೋಡೋ ಎಂಬ ದೊಡ್ಡ ಹಕ್ಕಿಗೆ ಇದು ಹತ್ತಿರದ ನೆಂಟ.

"ಕೂಗುವುದಿಲ್ಲವಾ?" ಎಂದು ಕೇಳಿದೆ.

"ಕೂಗುತ್ತೆ, ಅಪರೂಪಕ್ಕೆ. ನಿನ್ನ ಹಾಗೆ, ಲವ್" ಎಂದಳು ಜಾಯ್ಸ್. ಇಬ್ಬರೂ ನಕ್ಕೆವು.

ಈ ಹಕ್ಕಿ ಹುಟ್ಟಿದ್ದು ಇದೇ ದೇಶದ ಇನ್ನೊಂದು ಹಕ್ಕಿಮನೆಯಲ್ಲಿ. ಕಡಲನ್ನು ನೋಡಿಲ್ಲ. ಜೊತೆಗೆ ಇನ್ನೊಂದು ಬರಬೇಕಿತ್ತು, ಬಂದಿರಲಿಲ್ಲ. ನಾನು ರೊಟ್ಟಿಯ ಚೂರು ಹಾಕಲೇ ಎಂದು ಕೇಳಿದರೆ ಬೇಡ ಎಂದಳು. ಹಾಗಾಗಿ ನಾವು ಕೊಟ್ಟು ತೆಗೆದುಕೊಳ್ಳುವುದೇನೂ ಇರಲಿಲ್ಲ. ನಾನು ಮೇಲೆ, ಅದು ಕೆಳಗೆ.

ಆ ದಿನ ನವೆಂಬರಿನ ಮಧ್ಯಾಹ್ನ. ನಾನು ಹೋಗುವಾಗ ಬಿಸಿಲಿತ್ತು. ಮೂರು ಗಂಟೆಯ ಹೊತ್ತಿಗೆ ಗಾಜಿನ ಹೊರಗೆ ಏನೂ ಕಾಣದಾಯಿತು. ಯಾರೋ ಗಾಜಿಗೆ ಸುಣ್ಣ ಬಳಿದಂತೆ ಮಂಜು. ಜಾಯ್ಸ್ ಬೇಗ ಮುಚ್ಚುತ್ತೇನೆ ಎಂದಳು. ಮುಂದಿನ ಬಾಗಿಲು ಕೆಟ್ಟಿತ್ತು. "ಹಿಂದಿನಿಂದ ಹೋಗು ಲವ್, ಹೊರಗೆ ಹೋಗಿ ಎಡಕ್ಕೆ ತಿರುಗಿದರೆ ಗೇಟಿನ ದಾರಿ" ಎಂದು ಕೈ ತೋರಿಸಿದಳು. ಅವಳು ನನ್ನ ಎದುರು ನಿಂತಿದ್ದಳು. ಅವಳ ಕೈ ಹೋದ ಕಡೆ ನಾನು ಹೋದೆ. ಅದು ಅವಳ ಬಲಗೈಯೋ ಎಡಗೈಯೋ, ಇವತ್ತಿಗೂ ಗೊತ್ತಿಲ್ಲ.

ಸ್ವಲ್ಪ ಹೊತ್ತಿಗೆ ಕಾಲ ಕೆಳಗಿನ ಡಾಂಬರು ಹೋಗಿ ಮಣ್ಣು ಬಂತು. ಆಮೇಲೆ ಎಲೆ. ಮರಗಳು ಹತ್ತಿರ ಬಂದಾಗ ಮಾತ್ರ ಕಾಣುತ್ತಿದ್ದವು. ಹಿಂದೆ ತಿರುಗಿದೆ, ಹಕ್ಕಿಮನೆ ಇಲ್ಲ. ಪಾರ್ಕಿನ ಹಿಂದೆ ಕಾಡು ಇದೆ ಎಂದು ಕೇಳಿದ್ದೆ, ನೋಡಿರಲಿಲ್ಲ. ರಸ್ತೆಯ ವಾಹನಗಳ ಸದ್ದು ಎಲ್ಲ ಕಡೆಯಿಂದಲೂ ಬರುತ್ತಿತ್ತು, ಯಾವ ಕಡೆಯಿಂದಲೂ ಬರುತ್ತಿರಲಿಲ್ಲ. ಬೆಳಕು ಇಳಿಯುತ್ತಿತ್ತು.

ಫೋನು ಕೈಯಲ್ಲಿತ್ತು. ನಿಮ್ಮ ತಾಯಿಯ ಫೋಟೋ ಒತ್ತಿದರೆ ಅವಳಿಗೆ ರಿಂಗ್ ಆಗುತ್ತದೆ, ಅದನ್ನು ನಿಮ್ಮ ಅಪ್ಪ ಕಲಿಸಿದ್ದರು. ಬೆರಳನ್ನು ಫೋಟೋದ ಮೇಲೆ ತಂದು ನಿಲ್ಲಿಸಿದೆ. ಒತ್ತಿದರೆ ಅವಳು ಬರುತ್ತಾಳೆ, ಬೈಯುವುದಿಲ್ಲ, ಅಳುತ್ತಾಳೆ. ನಾಳೆಯಿಂದ ಮನೆಯಲ್ಲಿ ಒಬ್ಬ ಹೆಂಗಸು ಬಂದು ನನ್ನೆದುರು ಕೂರುತ್ತಾಳೆ. ಬಸ್ಸು ಇಲ್ಲ, ಬೆಂಚು ಇಲ್ಲ, ಲವ್ ಎನ್ನುವವರಿಲ್ಲ. ಒತ್ತದಿದ್ದರೆ ಚಳಿಯಲ್ಲಿ ಇಲ್ಲೇ ಬೀಳಬಹುದು. ಹಾಗೆ ಎಷ್ಟು ಹೊತ್ತು ನಿಂತಿದ್ದೆನೋ.

ಮುಂದೆ ಎಲೆ ಸರಿಸುವ ಸಪ್ಪಳ ಕೇಳಿತು. ಗೊತ್ತಿದ್ದ ಸಪ್ಪಳ. ನೋಡಿದೆ. ನಾಲ್ಕು ಹೆಜ್ಜೆ ಮುಂದೆ ನೆಲದ ಮೇಲೆ ಆ ಹಕ್ಕಿ ನಿಂತಿತ್ತು, ನನಗೆ ಬೆನ್ನು ಮಾಡಿ. ಮೈ ಮಂಜಿನಲ್ಲಿ ಕಲೆಸಿಹೋಗಿತ್ತು, ಕುತ್ತಿಗೆಯಿಂದ ಒದ್ದೆ ಕೂದಲಿನ ಹಾಗೆ ಉದ್ದನೆಯ ಗರಿಗಳು ಇಳಿದಿದ್ದವು. ಸ್ಪಷ್ಟವಾಗಿ ಕಂಡದ್ದು ಬಾಲ ಮಾತ್ರ. ಮೋಟು ಬಾಲ, ಈಗಷ್ಟೇ ತೊಳೆದು ಒಣಗಿಸಿದ ಬಟ್ಟೆಯಷ್ಟು ಬಿಳುಪು.

ಬಾಗಿಲು ಕೆಟ್ಟಿದೆಯಲ್ಲ, ತಪ್ಪಿಸಿಕೊಂಡು ಬಂದಿದೆ ಎಂದುಕೊಂಡೆ. ಪಾಪ, ಜಾಯ್ಸ್‌ಗೆ ಹೇಳಬೇಕು ಎನ್ನಿಸಿತು. ಹಿಡಿಯೋಣವೆಂದು ಹೆಜ್ಜೆ ಇಟ್ಟೆ. ಅದು ನಡೆಯಿತು. ನಾನು ನಿಂತೆ, ಅದೂ ನಿಂತಿತು. ತಿರುಗಿ ನೋಡಲಿಲ್ಲ. ನಾನು ಮತ್ತೆ ಕಾಲು ಎಳೆದೆ, ಎಲೆಯ ಮೇಲೆ ನನ್ನ ಬೂಟಿನ ಸಪ್ಪಳವಾದ ಮೇಲೆ ಅದು ಹೊರಟಿತು.

ಆಮೇಲೆ ನನಗೆ ಭಯವಾಗಲಿಲ್ಲ. ಇದನ್ನು ನೀವು ನಂಬಬೇಕು. ಫೋನನ್ನು ಚೀಲಕ್ಕೆ ಹಾಕಿ ಆ ಬಿಳುಪನ್ನೇ ನೋಡುತ್ತ ನಡೆದೆ. ದಾರಿ ಏರಿತು, ಇಳಿಯಿತು, ನನಗೆ ಅದರ ಮೇಲೆ ಗಮನವೇ ಇರಲಿಲ್ಲ. ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ ಅದೂ ನಿಲ್ಲುತ್ತಿತ್ತು. ಒಂದು ಕಡೆ ತಗ್ಗಿನಲ್ಲಿ ಅದು ರೆಕ್ಕೆ ಬಿಚ್ಚಿ ನೆಲಕ್ಕೆ ತಾಗಿದಂತೆ ಹಾರಿತು, ನಾನೂ ಅದೇ ಹುರುಪಿನಲ್ಲಿ ಬೇಗ ಬೇಗ ಹೆಜ್ಜೆ ಹಾಕಿದೆ. ಆಮೇಲೆ ಹಳದಿ ದೀಪ ಕಂಡಿತು. ಬಸ್ಸು ಬ್ರೇಕ್ ಹಾಕಿದ ಸದ್ದು ಕೇಳಿತು. ನಾನು ಮನೆಗೆ ಬಸ್ಸು ಹತ್ತುವ ಪಾರ್ಕಿನ ಸ್ಟಾಪಿನ ಹಿಂದಿನ ಬೇಲಿಯ ಸಂದಿಯಲ್ಲಿ ನಿಂತಿದ್ದೆ. ಹಕ್ಕಿ ಇರಲಿಲ್ಲ.

ಮನೆಗೆ ಬಂದು ಚಹಾ ಮಾಡಿ ಕುಡಿದೆ. ನೀವು ಬಂದಿರಿ. ನಿಮ್ಮ ಅಪ್ಪ ಬಂದು, "ಅತ್ತೆ, ಈ ಫಾಗಲ್ಲಿ ನೀವು ಹೊರಗೆ ಹೋಗಿಲ್ಲ ತಾನೇ?" ಎಂದು ಕೇಳಿದರು. "ಹೋಗಿ ಬಂದೆನಪ್ಪ" ಎಂದೆ. "ಪರವಾಗಿಲ್ವೇ, ಸೂಪರ್ ನೀವು" ಎಂದರು. ಅಷ್ಟಕ್ಕೇ ಮುಗಿಯಿತು.

ಎರಡು ದಿನ ಬಿಟ್ಟು ಹಕ್ಕಿಮನೆಗೆ ಹೋದೆ. ಬೆಂಚಿನ ಕೆಳಗೆ ಹಕ್ಕಿ ಇತ್ತು, ಎಲೆ ಸರಿಸುತ್ತಿತ್ತು.

"ಸಿಕ್ಕಿತಾ?" ಎಂದು ಜಾಯ್ಸ್‌ಗೆ ಕೇಳಿದೆ.

"ಏನು ಸಿಕ್ಕಿತಾ?"

ಮಂಜಿನ ದಿನ ಇದು ಹೊರಗೆ ಬಂದಿತ್ತು, ಕಾಡಿನಲ್ಲಿ ನೋಡಿದೆ ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಇಲ್ಲವೇ ಇಲ್ಲ ಎಂದಳು. ನೀನು ಹೋದ ಮೇಲೆ ನಾನೇ ಎಲ್ಲಕ್ಕೂ ಮೇವು ಹಾಕಿದೆ, ಇದು ನನ್ನ ಕಾಲಡಿಯಲ್ಲೇ ಇತ್ತು ಎಂದಳು.

"ಇದೇ. ಬಿಳಿ ಬಾಲ" ಎಂದೆ.

ಜಾಯ್ಸ್ ನಗಲು ಶುರುಮಾಡಿದಳು. "ಬಿಳಿ ಬಾಲ ಇದಕ್ಕೆಲ್ಲಿದೆ, ಲವ್? ಸರಿಯಾಗಿ ನೋಡು."

ಬಗ್ಗಿ ನೋಡಿದೆ. ಅಷ್ಟು ದಿನ ಕಾಲಡಿಯಲ್ಲೇ ಓಡಾಡಿದ್ದ ಹಕ್ಕಿ. ಅದರ ಬಾಲ ಕಪ್ಪಗಿತ್ತು. ಕುತ್ತಿಗೆಯ ಗರಿ ಗಿಡ್ಡ.

"ಇದಿನ್ನೂ ಮರಿ" ಎಂದಳು ಅವಳು. "ದೊಡ್ಡದಾದ ಮೇಲೆ ಬಾಲ ಬೆಳ್ಳಗಾಗುತ್ತೆ, ಕುತ್ತಿಗೆಗೆ ಉದ್ದ ಗರಿ ಬರುತ್ತೆ. ಆದರೆ ನಿನಗೆ ಅದನ್ನು ಹೇಳಿದ್ದು ಯಾರು?"

ಯಾರೂ ಹೇಳಿರಲಿಲ್ಲ. ಗೋಡೆಯ ಮೇಲಿದ್ದ ಚಿತ್ರವನ್ನು ಹೋಗಿ ನೋಡಿದೆ. ಅದರಲ್ಲಿ ಹಕ್ಕಿ ಎದುರಿಗೆ ಮುಖ ಮಾಡಿ ಕುಳಿತಿದೆ, ಬಾಲ ಕಾಣುವುದಿಲ್ಲ.

ಯಾಕೆ ಬಾಲ ಮಾತ್ರ ಅಷ್ಟು ಬಿಳುಪು ಎಂದು ಕೇಳಿದೆ. ಅವು ರಾತ್ರಿ ಒಂದು ದ್ವೀಪದಲ್ಲಿ ಮಲಗಿ, ಮೇಯಲು ಇನ್ನೊಂದು ದ್ವೀಪಕ್ಕೆ ಹೋಗುತ್ತವಂತೆ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಕಡಲು ದಾಟಬೇಕು. ಮೈ ಕಪ್ಪು, ಕೆಳಗೆ ನೀರು ಕಪ್ಪು. "ಹಿಂದೆ ಬರುವ ಹಕ್ಕಿಗೆ ಮುಂದಿನದು ಕಾಣಲಿ ಎಂದು ಆ ಬಿಳಿ ಬಾಲ ಅಂತಾರೆ" ಎಂದು ಹೇಳಿ ಜಾಯ್ಸ್ ಬಕೆಟ್ ಎತ್ತಿಕೊಂಡು ಹೋದಳು. ನಾನು ಬೆಂಚಿನ ಮೇಲೆ ಕುಳಿತೆ.

ಅವತ್ತು ಬಿಸಿಲಿತ್ತು. ನಡೆದ ದಾರಿಯನ್ನು ನೋಡಿಯೇ ಬಿಡೋಣ ಎಂದು ಬಸ್ ಸ್ಟಾಪಿನ ಹಿಂದಿನ ಬೇಲಿಯ ಸಂದಿಯಿಂದ ಒಳಗೆ ಹೋದೆ. ಸ್ವಲ್ಪ ಇಳಿಯುತ್ತಲೇ ಹಳ್ಳ ಅಡ್ಡ ಬಂತು. ಕಿರಿದಲ್ಲ. ಎರಡೂ ದಡಕ್ಕೆ ಕಲ್ಲಿನ ಗೋಡೆ ಕಟ್ಟಿದ್ದಾರೆ, ಕೆಳಗೆ ನೀರು ಜೋರಾಗಿ ಹರಿಯುತ್ತದೆ. ಹಕ್ಕಿಮನೆ, ಕಾಡು ಎಲ್ಲ ಹಳ್ಳದ ಆಚೆಗಿವೆ. ದಾಟಲು ಇರುವುದು ಪಾರ್ಕಿನ ಗೇಟಿನ ಹತ್ತಿರದ ಸೇತುವೆ ಒಂದೇ. ಹಲಗೆಯ ಸೇತುವೆ, ನಾಯಿ ನಡೆದರೂ ದಡದಡ ಸದ್ದಾಗುತ್ತದೆ. ಅದನ್ನು ನಾನು ಆ ದಿನ ವಾಪಸ್ ಬರುವಾಗ ದಾಟಿದ್ದರೆ ತಿಳಿಯದೇ ಇರುತ್ತಿರಲಿಲ್ಲ. ಮಂಜಿನ ದಿನ ಮನೆಗೆ ಬಂದು ಬೂಟು ಬಿಚ್ಚಿದಾಗ ಕಾಲುಚೀಲ ಒಣಗಿತ್ತು. ಸೀರೆಯ ಅಂಚಿಗೆ ಒಂದೆರಡು ಎಲೆ ಅಂಟಿದ್ದವು, ಅಷ್ಟೆ.

ಜನವರಿಯಲ್ಲಿ ಮೆಮರಿ ಕ್ಲಿನಿಕ್ಕಿಗೆ ಹೋದೆವು. ಅಲ್ಲಿ ಒಬ್ಬ ಹುಡುಗಿ ಗಡಿಯಾರ ಬರೆಯಿರಿ ಎಂದಳು. ಬರೆದೆ. ಅವಳು ಹುಬ್ಬು ಗಂಟಿಕ್ಕಿ ನಿಮ್ಮ ತಾಯಿಗೆ ತೋರಿಸಿದಳು. ಶೈಲಾ ನೋಡಿದವಳೇ ಗೊಳ್ಳನೆ ನಕ್ಕುಬಿಟ್ಟಳು. ನಾನು ಅಂಕಿಗಳನ್ನು ಕನ್ನಡದಲ್ಲಿ ಬರೆದಿದ್ದೆ. ನಗುತ್ತ ನಗುತ್ತ ಅವಳ ಕಣ್ಣಲ್ಲಿ ನೀರು ಬಂತು. ಬೇರೆ ಎಲ್ಲ ಪರೀಕ್ಷೆಯೂ ಸರಿಯಾಯಿತು. ವಾಪಸ್ ಬರುವಾಗ ಕಾರಿನಲ್ಲಿ, "ಹಂಗಾದ್ರ ದಾರಿ ಯಾಕ ತಪ್ತಿದ್ದಿ ಅವ್ವಾ?" ಎಂದು ಕೇಳಿದಳು.

"ಈಗ ತಪ್ಪಂಗಿಲ್ಲ" ಎಂದೆ. ಅದು ನಿಜ. ಆ ಮಂಜಿನ ದಿನದ ಮೇಲೆ ನಾನು ದಾರಿ ತಪ್ಪಿಲ್ಲ. ಈಗ ಹಡರ್ಸ್‌ಫೀಲ್ಡ್‌ನಲ್ಲಿರುವ ನಮ್ಮ ಊರ ಕಡೆಯ ಶಾರದಕ್ಕನ ಮನೆಗೂ ಒಬ್ಬಳೇ ರೈಲಿನಲ್ಲಿ ಹೋಗಿ ಬರುತ್ತೇನೆ. ಹೇಗೆ ಕಲಿತೆ ಎಂದರೆ ಹೇಳಲಾರೆ. ಮೂಲೆ ಬಂದಾಗ ಸ್ವಲ್ಪ ನಿಲ್ಲುತ್ತೇನೆ. ಆಮೇಲೆ ಯಾವ ಕಡೆ ಎಂದು ಗೊತ್ತಾಗುತ್ತದೆ.

ಆ ಹಕ್ಕಿಯನ್ನು ವಸಂತದಲ್ಲಿ ದಕ್ಷಿಣದ ಯಾವುದೋ ಊರಿಗೆ, ಜೊತೆ ಹಕ್ಕಿ ಇದ್ದಲ್ಲಿಗೆ ಕಳಿಸಿದರು. ಅದರ ಬಾಲ ಆಗಲೂ ಕಪ್ಪಗೇ ಇತ್ತು.

ಸಿರಿ, ಅಮೋಘ, ಹೋದ ವಾರ ಊಟದ ಹೊತ್ತಿಗೆ ನಾನು ಸುಮ್ಮನೆ ಯಾರದೋ ಕಥೆಯೆಂಬಂತೆ ನಿಮಗೆ ಇದರ ಸ್ವಲ್ಪ ಭಾಗ ಹೇಳಿದೆ. ಅಮೋಘ "ರ‍್ಯಾಬಿಟ್, ಅಜ್ಜಿ. ಅದರ ಬಾಲವೂ ವೈಟ್" ಎಂದ. ಇರಬಹುದು. ಆದರೆ ಮೊಲ ಕುಪ್ಪಳಿಸುತ್ತದೆ. ಸಿರಿ, ಎಲ್ಲೋ ಟಿವಿಯಲ್ಲಿ ನೋಡಿ ಮರೆತಿರುತ್ತಾರೆ ಎಂದಳು. ಅದೂ ಇರಬಹುದು. ಇಲ್ಲಿಯ ಕಾಡುಪಾರಿವಾಳಗಳ ಕುತ್ತಿಗೆಗೂ ಬಿಳಿ ಪಟ್ಟೆ ಇದೆ. ಮಂಜಿನಲ್ಲಿ ಕುತ್ತಿಗೆ ಯಾವುದು, ಬಾಲ ಯಾವುದು? ಸೇತುವೆಯನ್ನು ದಾಟಿಯೇ ಇರಬೇಕು, ಇಲ್ಲದಿದ್ದರೆ ನಾನು ಈಚೆ ಹೇಗೆ ಬಂದೆ? ಹೀಗೆಲ್ಲ ನಾನೇ ನನಗೆ ಹೇಳಿಕೊಳ್ಳುತ್ತೇನೆ. ಹೇಳಿಕೊಂಡು ಮುಗಿದ ಮೇಲೂ ಎಲೆಯ ಮೇಲಿನ ಆ ಸಪ್ಪಳ ಉಳಿಯುತ್ತದೆ.

ಇದನ್ನು ಬರೆಯುತ್ತಿರುವಾಗ ಶೈಲಾ ಎರಡು ಸಲ ಬಂದು ಹೋದಳು. ಈಗ ಮತ್ತೆ ಬಂದು ಬಾಗಿಲಲ್ಲಿ ನಿಂತಿದ್ದಾಳೆ.

"ಏನ್ ಬರಿಯಾಕತ್ತಿದಿ ಅವ್ವಾ, ಬೆಳಗಿಂದ?"

"ಹುಡುಗರಿಗೆ. ಒಂದು ಹಕ್ಕಿ ಬಗ್ಗೆ."

"ಅವಕ್ಕೆಲ್ಲಿ ಕನ್ನಡ ಓದಾಕ ಬರ್ತೈತಿ? ಕೊಡು, ನಾನ ಓದಿ ಹೇಳ್ತೀನಿ."

ಅವಳು ಡಾಕ್ಟರು. ಇದನ್ನು ಓದಿದ ಮೇಲೆ ಮಗಳಾಗಿ ಏನೆನ್ನುತ್ತಾಳೋ, ಡಾಕ್ಟರಾಗಿ ಏನೆನ್ನುತ್ತಾಳೋ. ನಾನು ಇನ್ನು ಒಬ್ಬಳೇ ಬಸ್ಸು ಹತ್ತುವುದು ಬಿಡುವುದು ಅವಳ ಕೈಯಲ್ಲೇ ಇದೆ. ಈ ಹಾಳೆಗಳನ್ನು ಹರಿದುಹಾಕಿ, ಒಂದು ಪಾರಿವಾಳದ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಟ್ಟರೆ ಆಯಿತು.

"ತಡಿ, ಇನ್ನೊಂದ್ ಸಾಲು ಉಳದೈತಿ" ಎಂದಿದ್ದೇನೆ. ಮಂಜಿನಿಂದ ನನ್ನನ್ನು ಕರೆತಂದದ್ದು ಏನು ಎಂದು ಹೇಳುವ ಸಾಲು. ಪೆನ್ನು ಹಿಡಿದು ಕುಳಿತೇ ಇದ್ದೇನೆ, ಅದು ನನಗೆ ಗೊತ್ತಿಲ್ಲ. ಅವಳು ಕೈ ಚಾಚಿ ನಿಂತಿದ್ದಾಳೆ. ಆ ಸಾಲು ಇಲ್ಲದೆಯೇ ಕೊಡುತ್ತಿದ್ದೇನೆ.